ಯಾರ ಕೈ ಮೊದಲು ಹಿಡಿಯಲಿ ಎಂದು ಕೇಳಿದ್ದೀಯೆ

ಚಿ. ಸೌ. ವೈಶಾಲಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕಾರು ದಿನಗಳಾದವು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮನ ಬಾಯಿಂದ ಮೊದಲೇ ಕೇಳಿದ್ದೇನೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಜೂನ್ ತಿಂಗಳಿನಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ, ಸ್ಯಾನ್ ವಾನ್ ನದಿಯ ಮೇಲೆ, ಗೈಡುಗಳ ಜೊತೆ ರಾಫ್ಟಿಂಗ್ ಹೋಗುವ ನಿನ್ನ ಯೋಚನೆಯನ್ನು ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಎರಡನೆಯ ಪುಟದ ಕೊನೆಯಲ್ಲಿ, ಟೋಪಿ, ಚಪ್ಪಲಿ, ಟಾರ್ಚು ಎಂದು ಪಟ್ಟಿ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ, "ದೋಣಿ ಮಗುಚಿದರೆ ಇಬ್ಬರಲ್ಲಿ ಯಾರ ಕೈ ಮೊದಲು ಹಿಡಿಯಲಿ, ದೊಡ್ಡಮ್ಮಾ?" ಎಂದು ಬರೆದು, ಮುಂದಿನ ಸಾಲಿನಲ್ಲಿ ಮತ್ತೆ ಪಟ್ಟಿಗೆ ಮರಳಿದ್ದೀಯೆ. ಆ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಈ ಸಲ ಅವರಪ್ಪ ಜೊತೆಗಿರುವುದಿಲ್ಲ, ಮಕ್ಕಳು ಇಬ್ಬರು, ನೀನು ಒಬ್ಬಳು ಎಂಬ ಲೆಕ್ಕ ನಿನ್ನ ಮನಸ್ಸಿನಲ್ಲಿ ರಾತ್ರಿಯೆಲ್ಲ ತಿರುಗುತ್ತಿರಬೇಕು.

ನಾನು ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನೀರಿಗೆ ಬಿದ್ದ ಮಗುವನ್ನು ಅಲ್ಲಿ ಉಳಿಸುವುದು ತಾಯಿಯ ಕೈ ಎಂದು ನೀನು ತಿಳಿದಿದ್ದೀಯೆ. ಆದರೆ ಮಗುವನ್ನು ತೇಲಿಸುವುದು ಅದರ ಮೈಮೇಲಿನ ಲೈಫ್ ಜಾಕೆಟ್ಟು. ಅದನ್ನು ಎಳೆದುಕೊಳ್ಳುವುದು ಆ ನೀರಿನ ಪ್ರತಿಯೊಂದು ತಿರುವನ್ನೂ ಬಲ್ಲ ಗೈಡು. ತಾಯಿ ಆ ಹೊತ್ತಿಗೆ ತಾನೂ ನೀರಿನಲ್ಲಿದ್ದರೆ ಅವಳ ಕೆಲಸ ಇಷ್ಟೇ: ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಂಡು ತೇಲುವುದು. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರು ಕೂಡ ಮನುಷ್ಯನನ್ನು ಮುಂದಕ್ಕೆ ಕೆಡವಿ ಒತ್ತಿಹಿಡಿಯುತ್ತದೆ. ಮಕ್ಕಳಿಗೂ ಇದನ್ನೇ ಕಲಿಸು. ಅವರು ಮನೆಯ ನೆಲದ ಮೇಲೆ ಮಲಗಿ ಅಭ್ಯಾಸ ಮಾಡಿದರೂ ಸಾಕು, ಮೈಗೆ ನೆನಪಿರುತ್ತದೆ.

ಇಷ್ಟು ಹೇಳಿದರೆ ನಿನಗೆ ಸಮಾಧಾನವಾಗುವುದಿಲ್ಲವೆಂದು ಬಲ್ಲೆ, ಏಕೆಂದರೆ ಇದೇ ಪ್ರಶ್ನೆ ನನ್ನೊಳಗೂ ಇತ್ತು. ನಾವು ಕೊಲರಾಡೊದ ಡ್ಯುರಾಂಗೊದಲ್ಲಿದ್ದ ವರ್ಷಗಳಲ್ಲಿ ಆನಿಮಾಸ್ ನದಿ ಊರಿನ ನಡುವೆಯೇ ಹರಿಯುತ್ತಿತ್ತು. ಬೇಸಿಗೆಯ ಮೊದಲಲ್ಲಿ ಹಿಮ ಕರಗಿದ ನೀರು ಬಂದಾಗ ಅದರ ಸದ್ದು ಮನೆಯೊಳಗೆ ಕುಳಿತರೂ ಕೇಳುತ್ತಿತ್ತು. ಅದೇ ನೀರು ಫಾರ್ಮಿಂಗ್ಟನ್ನಿನ ಬಳಿ ಸ್ಯಾನ್ ವಾನ್ ನದಿಯನ್ನು ಸೇರಿ, ಬ್ಲಫ್ ಊರಿನ ಪಕ್ಕದಿಂದ ಸಾಗಿ ಮರುಭೂಮಿಯ ಕಣಿವೆಗೆ ಇಳಿಯುತ್ತದೆ. ನಿನ್ನ ದೊಡ್ಡಪ್ಪನಿಗೆ ಆ ನದಿಯ ಹುಚ್ಚು. ಒಂದು ವರ್ಷ ಅವರು ಗೈಡುಗಳ ತಂಡದಲ್ಲಿ ನಾಲ್ವರಿಗೂ ಜಾಗ ಕಾದಿರಿಸಿದ್ದರು. ಹೊರಡುವ ದಿನ ಬ್ಲಫ್ ಬಳಿ ದೋಣಿಗಳು ಹೊರಡುವ ಸ್ಯಾಂಡ್ ಐಲ್ಯಾಂಡಿನ ದಂಡೆಯಲ್ಲಿ ನಿಂತು ಆ ಕೆಂಪು ನೀರನ್ನು ನೋಡಿದಾಗ, ನೀನು ಈಗ ಕೇಳಿದ ಮಾತೇ ನನ್ನ ಗಂಟಲಿಗೆ ಬಂದಿತು. ಬಾಯಿಬಿಟ್ಟು ಕೇಳಲಿಲ್ಲ. ಮಗಳಿಗೆ ಮೈ ಬಿಸಿಯಿದೆಯೆಂದು ಹೇಳಿ ಅವಳನ್ನು ನನ್ನ ಬಳಿಯೇ ಉಳಿಸಿಕೊಂಡೆ. ಅಪ್ಪನೂ ಅಣ್ಣನೂ ದೋಣಿ ಹತ್ತಿ ಹೋದರು, ಅವಳು ತಿರುವಿನಲ್ಲಿ ದೋಣಿ ಮರೆಯಾಗುವವರೆಗೂ ನೋಡುತ್ತ ನಿಂತಳು. ಅವಳು ಈಗ ದೊಡ್ಡವಳಾಗಿ ತನ್ನ ಸಂಸಾರ ನೋಡಿಕೊಳ್ಳುತ್ತಿದ್ದಾಳೆ, ಆ ಮಾತನ್ನು ಎಂದೂ ಎತ್ತಿಲ್ಲ. ಆದರೆ ಅಣ್ಣ ತಂಗಿ ಸೇರಿದಾಗ ಆ ನದಿಯ ಮಾತು ಬಂದರೆ ಅವಳು ಸುಮ್ಮನಾಗುವುದನ್ನು ನಾನು ಇಂದಿಗೂ ಕಾಣುತ್ತೇನೆ.

ಮಕ್ಕಳು ಮನೆ ಬಿಟ್ಟ ಮೇಲೆ, ಬಹಳ ತಡವಾಗಿ, ನಾನೂ ದೊಡ್ಡಪ್ಪನೂ ಒಮ್ಮೆ ಹೋದೆವು. ನಮ್ಮ ತಂಡದ ಇನ್ನೊಂದು ದೋಣಿಯಲ್ಲಿ ತಾಯಿಯೊಬ್ಬಳು ಇಬ್ಬರು ಚಿಕ್ಕ ಮಕ್ಕಳೊಂದಿಗೆ ಬಂದಿದ್ದಳು. ನೀರು ಬಂಡೆಗಳ ನಡುವೆ ನೊರೆಯೆದ್ದು ನುಗ್ಗುವ ಅಂಥ ದೊಡ್ಡ ರ‍್ಯಾಪಿಡ್ ಏನೂ ಅಲ್ಲ, ದೋಣಿ ಒಂದು ಬಂಡೆಗೆ ತಾಗಿ ತಿರುಗಿದ ರಭಸಕ್ಕೆ ಅವಳ ಮಗ ಅಂಚಿನಿಂದ ಹೊರಗೆ ಜಾರಿದ. ಅವಳು ಎರಡೂ ಕೈಗಳನ್ನು ಚಾಚಿ ಅರ್ಧ ಎದ್ದಳು, ಗೈಡು ಅವಳಿಗೆ "ಕುಳಿತುಕೊಳ್ಳಿ" ಎಂದು ಒಂದೇ ಮಾತು ಹೇಳಿದ. ಹುಡುಗ ಬೆಳಿಗ್ಗೆ ಕಲಿಸಿದ್ದಂತೆ ಅಂಗಾತ ಮಲಗಿದ್ದ. ಅವನ ಎರಡು ಚಪ್ಪಲಿಗಳ ತುದಿ ಕಂದು ನೀರಿನ ಮೇಲೆ ನೆಟ್ಟಗೆ ಕಾಣುತ್ತಿತ್ತು. ಮುಂದೆ ನಿಂತಿದ್ದ ನಮ್ಮ ದೋಣಿಯ ಗೈಡು ಚೀಲದೊಳಗೆ ಸುರುಳಿಯಿಟ್ಟ ಹಗ್ಗವನ್ನು ಎಸೆದಳು. ಅವನು ಅದನ್ನು ಎದೆಗೆ ಅವಚಿಕೊಂಡ, ಅವಳು ನಿಧಾನವಾಗಿ ಎಳೆದುಕೊಂಡು, ಜಾಕೆಟ್ಟಿನ ಭುಜದ ಪಟ್ಟಿಗಳನ್ನು ಹಿಡಿದು ಹಿಂದಕ್ಕೆ ವಾಲಿದಳು, ಹುಡುಗ ಅವಳ ಮಡಿಲಿಗೇ ಬಂದು ಬಿದ್ದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬರಿದೆ ಹಿಡಿಯಬೇಕು ಎಂಬುದನ್ನೂ ಅವನಿಗೆ ಯಾರೋ ಕಲಿಸಿದ್ದರು. ಆ ತಾಯಿಯ ಮುಖವನ್ನು ನೋಡುತ್ತ ನನಗೆ ನನ್ನ ಮಗಳ ನೆನಪಾಗಿ ಆ ಸಂಜೆ ಊಟ ಸೇರಲಿಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಯಾವ ಮಗು ಎಂದು ನಾನು ಉತ್ತರ ಹೇಳಲಾರೆ. ಆ ಆಯ್ಕೆ ನಿನ್ನ ಪಾಲಿಗೆ ಬರದಂತೆ ಮೊದಲೇ ಏನು ಮಾಡಬಹುದೆಂದು ಮಾತ್ರ ಹೇಳಬಲ್ಲೆ. ಪ್ರವಾಸ ನಡೆಸುವ ಸಂಸ್ಥೆಗೆ ಬರೆದು, ಮೂವರಿಗೂ ಒಂದೇ ದೋಣಿಯಲ್ಲಿ, ಅದೂ ಗೈಡು ತಾನೇ ಉದ್ದನೆಯ ಹುಟ್ಟುಗಳನ್ನು ಹಾಕುವ ದೊಡ್ಡ ರಾಫ್ಟಿನಲ್ಲಿ ಜಾಗ ಬೇಕೆಂದು ಕೇಳು. ಸಾಮಾನು ತುಂಬಿದ ಆ ರಾಫ್ಟು ಭಾರವಾಗಿದ್ದು, ಈ ನದಿಯ ಮೇಲಿನ ಭಾಗದಂಥ ನೀರಿನಲ್ಲಿ ಮಗುಚುವುದು ಬಹಳ ಅಪರೂಪ. ಎಲ್ಲರೂ ಕೂಡಿ ಹುಟ್ಟು ಹಾಕುವ ಚಿಕ್ಕ ದೋಣಿಗೆ ಹೋಗಬೇಕೆಂದು ಅದಿತಿ ಹಟ ಹಿಡಿಯಬಹುದು, ಹನ್ನೊಂದರ ವಯಸ್ಸಲ್ಲವೇ. ಶಾಂತವಾದ ನೀರಿನಲ್ಲಿ ಗೈಡು ಒಪ್ಪಿದರೆ ಕಳಿಸು. ನಿನ್ನನ್ನು ನೀನು ಮಗುವಿಗೆ ಕಟ್ಟಿಕೊಳ್ಳುವ ಯೋಚನೆಯನ್ನು, ಅಥವಾ ಮಗುವನ್ನು ದೋಣಿಗೆ ಕಟ್ಟುವ ಯೋಚನೆಯನ್ನು ಮಾತ್ರ ಎಂದೂ ಮಾಡಬೇಡ. ನನಗೆ ಅಂದು ಅದೂ ಹೊಳೆದಿತ್ತು.

ಜಾಕೆಟ್ಟಿನ ವಿಷಯವನ್ನು ಎರಡು ಸಲ ಹೇಳಿದರೂ ಬೇಸರಿಸಬೇಡ. ಯೂಟಾದಲ್ಲಿ 13 ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಅದನ್ನು ತೊಟ್ಟಿರಲೇಬೇಕೆಂಬ ನಿಯಮವಿದೆ. ಆದರೆ ತೊಟ್ಟರೆ ಸಾಲದು, ಅಳತೆ ಸರಿಯಿರಬೇಕು. ಬಕ್ಕಲುಗಳನ್ನೆಲ್ಲ ಹಾಕಿ ಪಟ್ಟಿ ಬಿಗಿದ ಮೇಲೆ, ಭುಜದ ಮೇಲಿನ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎತ್ತಿ ನೋಡು. ಜಾಕೆಟ್ಟು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಆ ಮಗುವಿನದಲ್ಲ, ಬೇರೆಯದು ಕೇಳು. ಏಳು ವರ್ಷದ ಕಿಟ್ಟುವಿನಂಥ ಸಣಕಲು ಮೈಯವರಿಗೆ ಕಾಲುಗಳ ನಡುವೆ ಹಾಯುವ ಪಟ್ಟಿಯಿರುವುದು ಒಳ್ಳೆಯದು. ಮೊದಲ ದಿನ ಬೆಳಿಗ್ಗೆ, ದೋಣಿ ಬಿಡುವ ಮೊದಲು, ಭುಜದ ಪಟ್ಟಿ ಹಿಡಿದು ಒಬ್ಬರನ್ನು ಹೇಗೆ ದೋಣಿಗೆ ಎಳೆದುಕೊಳ್ಳಬೇಕೆಂದು ತೋರಿಸಿಕೊಡಲು ಗೈಡನ್ನು ಕೇಳಿ, ನೀನೂ ಒಮ್ಮೆ ಮಾಡಿ ನೋಡು. ಕೈ ಹಿಡಿದು ಎಳೆದರೆ ಮಗು ಜಾರುತ್ತದೆ, ಪಟ್ಟಿ ಹಿಡಿದರೆ ಜಾರುವುದಿಲ್ಲ. ನಿನ್ನ ಸಾಲಿನಲ್ಲಿದ್ದ "ಕೈ" ಎಂಬ ಮಾತಿಗೆ ನನಗೆ ಸಿಕ್ಕ ಉತ್ತರ ಇಷ್ಟು.

ಯಾವ ಭಾಗಕ್ಕೆ ಹೋಗುವುದೆಂದು ನೀನು ಇನ್ನೂ ತೀರ್ಮಾನಿಸಿಲ್ಲವೆಂದು ಬರೆದಿದ್ದೀಯೆ. ನಾನು ಒತ್ತಾಯ ಮಾಡುವವಳಲ್ಲ, ಆದರೂ ಸ್ಯಾಂಡ್ ಐಲ್ಯಾಂಡಿನಿಂದ ಮೆಕ್ಸಿಕನ್ ಹ್ಯಾಟ್‌ವರೆಗಿನ ಸುಮಾರು 27 ಮೈಲಿ ಮಕ್ಕಳ ಮೊದಲ ಪ್ರವಾಸಕ್ಕೆ ಸಾಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹೆಚ್ಚಿನವು, ಒಂದರಿಂದ ಆರರವರೆಗಿನ ಕಷ್ಟದ ಅಳತೆಯಲ್ಲಿ ಸುಲಭದ ಕಡೆಗಿರುವ ಕ್ಲಾಸ್ 2ರ ರ‍್ಯಾಪಿಡ್‌ಗಳು. ಬಟ್ಲರ್ ವಾಷ್ ಎಂಬಲ್ಲಿ ಬಂಡೆಯ ಮೇಲೆ ಪ್ರಾಚೀನರು ಕೊರೆದ ಚಿತ್ರಗಳ ದೊಡ್ಡ ಸಾಲು, ಮುಂದೆ ಗುಹೆಯಂಥ ಚಾಚಿನಡಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಪೂರ್ವಜರು ಕಟ್ಟಿದ ಮನೆಗಳು ಇವೆ. ಮಕ್ಕಳು ಅವುಗಳನ್ನು ಮುಟ್ಟದಂತೆ, ಗೋಡೆಗಳ ಮೇಲೆ ಒರಗದಂತೆ ನೋಡಿಕೋ. ಮೆಕ್ಸಿಕನ್ ಹ್ಯಾಟ್ ದಾಟಿದ ಮೇಲೆ ನದಿ ಗೂಸ್‌ನೆಕ್ಸ್ ಎಂಬ ಆಳವಾದ ಸುತ್ತುಗಳಲ್ಲಿ ಇಳಿಯುತ್ತದೆ. ಅಲ್ಲಿಂದ ಕ್ಲೇ ಹಿಲ್ಸ್ ತಲುಪುವವರೆಗೆ ದೋಣಿಯನ್ನು ದಡಕ್ಕೆ ತಂದು ಕಾರು ಹತ್ತುವ ಜಾಗವಿಲ್ಲ, ಗವರ್ನ್‌ಮೆಂಟ್ ರ‍್ಯಾಪಿಡ್ ಎಂಬ ಇನ್ನಷ್ಟು ಕಠಿಣವಾದದ್ದೂ ಆ ಭಾಗದಲ್ಲೇ ಇದೆ. ಭಯವನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವವಳಿಗೆ, ಬೇಡವೆನಿಸಿದರೆ ಬೇಗ ಮುಗಿಯುವ ದಾರಿಯೇ ಒಳ್ಳೆಯದು. ದೊಡ್ಡಪ್ಪನಿಗೆ ಕ್ಲೇ ಹಿಲ್ಸ್‌ವರೆಗೂ ಹೋಗಬೇಕೆಂಬ ಆಸೆ ಇತ್ತು, ಅದು ಕೂಡಿಬರಲಿಲ್ಲ. ಈ ಮಾತನ್ನು ಯಾಕೆ ಬರೆದೆನೋ ತಿಳಿಯದು.

ನದಿಯ ಮೇಲ್ಭಾಗದಲ್ಲಿ, ನ್ಯೂ ಮೆಕ್ಸಿಕೊದಲ್ಲಿ, 1962ರಲ್ಲಿ ಮುಗಿದ ನವಾಹೊ ಅಣೆಕಟ್ಟು ಇದ್ದರೂ, ಆನಿಮಾಸ್ ನದಿ ಅದರ ಕೆಳಗೆ ಬಂದು ಸೇರುವುದರಿಂದ, ಜೂನ್ ಮೊದಲಲ್ಲಿ ಬೆಟ್ಟದ ಹಿಮದ ನೀರು ಚೆನ್ನಾಗಿಯೇ ಇರುತ್ತದೆ. ನೀರು ಹೆಚ್ಚಿದ್ದಾಗ ಆ ನದಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ, ನೀನು ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ನೆಮ್ಮದಿಯಾಗಿ ಸಾಗುತ್ತಿರುವಾಗ ನಡು ನದಿಯಲ್ಲಿ ಒಂದರ ಹಿಂದೊಂದು ಅಲೆಗಳು ಏಳುತ್ತವೆ, ಬೆಳೆಯುತ್ತವೆ, ಕೆಲವು ನಿಮಿಷಗಳಲ್ಲಿ ಸದ್ದಿಲ್ಲದೆ ಅಡಗಿಹೋಗುತ್ತವೆ. ಅಲ್ಲಿ ಬಂಡೆಯೇನೂ ಇಲ್ಲ; ವೇಗವಾದ ತೆಳುನೀರಿನ ಕೆಳಗೆ ತಳದ ಮರಳೇ ದಿಬ್ಬಗಳಾಗಿ ಎದ್ದು ನೀರನ್ನು ಹಾಗೆ ಎತ್ತುತ್ತದೆ. ಮಕ್ಕಳು ಕೇಕೆ ಹಾಕುತ್ತಾರೆ. ಅವರು ಕೇಕೆ ಹಾಕುವಾಗ ನೀನು ಅವರ ತೋಳುಗಳನ್ನು ಉಗುರು ಊರಿ ಹಿಡಿಯದಿದ್ದರೆ ಸಾಕು. ಗದ್ದಲವಿಲ್ಲದ ಕಡೆ ಎಲ್ಲರೂ ಮಾತು ನಿಲ್ಲಿಸಿದರೆ, ಹೂಳು ದೋಣಿಯ ತಳಕ್ಕೆ ಉಜ್ಜುತ್ತ ಸಾಗುವ ಸರ್ರೆಂಬ ಸದ್ದು ಕೇಳುತ್ತದೆ, ಅದನ್ನು ಅವರಿಗೆ ಕೇಳಿಸು.

ನಿನ್ನ ಭಯವೆಲ್ಲ ರ‍್ಯಾಪಿಡ್‌ಗಳ ಮೇಲೆಯೇ ನೆಟ್ಟಿರುವುದು ನನಗೆ ಇನ್ನೊಂದು ಕಾರಣಕ್ಕೆ ಚಿಂತೆ ತಂದಿದೆ. ಅಲ್ಲಿ ಎಲ್ಲರ ಕಣ್ಣೂ ಮಕ್ಕಳ ಮೇಲಿರುತ್ತದೆ. ಸಂಜೆ ದೋಣಿ ಕಟ್ಟಿ, ಗೈಡುಗಳು ಅಡುಗೆಗೆ ತೊಡಗಿ, ದೊಡ್ಡವರು ಡೇರೆ ಹಾಕುತ್ತಿರುವಾಗ ಮಕ್ಕಳು ಮರಳಿನಲ್ಲಿ ಆಡುತ್ತ ನೀರಿನ ಅಂಚಿಗೆ ಹೋಗುತ್ತಾರೆ. ಆ ಕೆಸರುನೀರಿನಲ್ಲಿ ಒಂದು ಗೇಣು ಆಳವೂ ಕಾಣುವುದಿಲ್ಲ, ಮರಳಿನ ದಂಡೆ ಒಮ್ಮೆಲೆ ಕಡಿದಿರುತ್ತದೆ. ನೀರಿನ ಬಳಿ ಆಡುವಷ್ಟು ಹೊತ್ತೂ ಜಾಕೆಟ್ಟು ಮೈಮೇಲಿರಲಿ, ಒಬ್ಬ ದೊಡ್ಡವರು ಅಲ್ಲೇ ಕುಳಿತಿರಲಿ. ಜೊತೆಗೆ ಬರುವ ಇನ್ನೊಂದು ಕುಟುಂಬದವರೊಡನೆ ಸರದಿ ಮಾಡಿಕೊಂಡರೆ ನಿನಗೂ ಸ್ವಲ್ಪ ವಿಶ್ರಾಂತಿ ಸಿಗುತ್ತದೆ.

ಬಿಸಿಲೂ ಹಾಗೆಯೇ. ಜೂನಿನಲ್ಲಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಆ ಕಣಿವೆಯಲ್ಲಿ ಹೊಸದಲ್ಲ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಮಗುವಿಗೆ ಬಾಯಾರಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಕೇಳಲು ಕಾಯದೆ ಆಗಾಗ ಕುಡಿಸು, ಜೊತೆಗೆ ಉಪ್ಪಿನಂಶವಿರುವ ತಿಂಡಿಯನ್ನೂ ಕೊಡು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿ. ತುಂಬುತೋಳಿನ ತೆಳು ಅಂಗಿ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ದಾರ ಕಟ್ಟಿದ ಟೋಪಿ ಇರಲಿ. ಬೆಳಿಗ್ಗೆ ಚಪ್ಪಲಿಯನ್ನು ಕೊಡವಿ ಹಾಕಿಕೊಳ್ಳಲಿ, ಚೇಳು ಇರಬಹುದು. ಶೌಚಕ್ಕೆ ಗೈಡುಗಳು ಒಂದು ಪೆಟ್ಟಿಗೆಯನ್ನು ಮರೆಯಾದ ಜಾಗದಲ್ಲಿ ಇಟ್ಟು, ಎಲ್ಲವನ್ನೂ ವಾಪಸು ಹೊತ್ತೊಯ್ಯುತ್ತಾರೆ, ಅದು ಅಲ್ಲಿನ ಕಡ್ಡಾಯ ನಿಯಮ. ಕಿಟ್ಟುವಿಗೆ ಮೊದಲೇ ಹೇಳಿಡು, ಇಲ್ಲದಿದ್ದರೆ ನಾಚಿಕೊಂಡು ತಡೆದುಕೊಳ್ಳುತ್ತಾನೆ. ಜೂನ್ ದಾಟಿಸಬೇಡ, ಜುಲೈ ಹೊತ್ತಿಗೆ ಮಳೆಗಾಲದ ಮೋಡಗಳು ಬಂದು, ಒಣಗಿದ ಹಳ್ಳಗಳಲ್ಲಿ ದಿಢೀರನೆ ಪ್ರವಾಹ ಇಳಿಯುತ್ತದೆ. ನದಿಯ ಪರವಾನಗಿಯನ್ನು ಸಂಸ್ಥೆಯವರೇ ಪಡೆದಿರುತ್ತಾರೆ. ಎಡದಂಡೆ ನವಾಹೊ ಎಂಬ ಮೂಲನಿವಾಸಿ ಜನರ ನೆಲ, ಅಲ್ಲಿ ಇಳಿಯಲು ಅವರ ಅನುಮತಿ ಬೇರೆಯೇ ಬೇಕು. ಅದನ್ನು ಪಡೆದಿದ್ದೀರಾ ಎಂದು ಒಂದು ಮಾತು ಕೇಳು.

ಇಷ್ಟೆಲ್ಲ ಬರೆದ ಮೇಲೂ ನಿನ್ನ ಆ ಸಾಲು ನಿನ್ನೊಳಗೆ ಅಲ್ಲಿಯೇ ಇರುತ್ತದೆ ಎಂದು ನನಗೆ ಗೊತ್ತು. ಅದನ್ನು ಒಳಗೇ ಇಟ್ಟುಕೊಳ್ಳಬೇಡ, ನಾನು ಇಟ್ಟುಕೊಂಡೆ. ದೋಣಿ ಹತ್ತುವ ಮೊದಲು ನಿನ್ನ ಗೈಡಿನ ಬಳಿ ಹೋಗಿ, "ಇಬ್ಬರು ಮಕ್ಕಳು, ನಾನೊಬ್ಬಳೇ ಇದ್ದೇನೆ, ಇಬ್ಬರೂ ಒಟ್ಟಿಗೆ ನೀರಿಗೆ ಬಿದ್ದರೆ ನೀವು ಏನು ಮಾಡುತ್ತೀರಿ, ನಾನು ಏನು ಮಾಡಬೇಕು?" ಎಂದು ನೇರವಾಗಿ ಕೇಳು. ಅಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ, ಒಳ್ಳೆಯ ಗೈಡು ನಿಂತು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾರೆ. ಆ ಉತ್ತರವನ್ನು ಅದಿತಿಯೂ ಕೇಳಿಸಿಕೊಳ್ಳಲಿ.

ಸಂಸ್ಥೆಯವರು ಕಿಟ್ಟುವಿನ ತೂಕಕ್ಕೆ ಸರಿಯಾದ ಜಾಕೆಟ್ಟು ತಮ್ಮಲ್ಲಿ ಇದೆಯೆಂದು ಸ್ಪಷ್ಟವಾಗಿ ಹೇಳಿದರೇ, ಅವರ ಕನಿಷ್ಠ ವಯಸ್ಸಿನ ನಿಯಮವೇನು, ಮೂವರನ್ನೂ ಒಂದೇ ದೋಣಿಗೆ ಹಾಕಲು ಒಪ್ಪಿದರೇ ಎಂಬುದನ್ನು ವಿಚಾರಿಸಿ ನನಗೆ ಬರೆ. ಒಪ್ಪದಿದ್ದರೆ ಮುಂಗಡ ಕಟ್ಟಬೇಡ, ಇನ್ನೊಂದು ಸಂಸ್ಥೆಯನ್ನು ಹುಡುಕೋಣ.

ಇಂತಿ,
ನಿನ್ನ ದೊಡ್ಡಮ್ಮ