ಮುಚ್ಚಲಿರುವ ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. "2028ಕ್ಕೆ ನನ್ನ ಕಾಲೇಜೇ ಇರುವುದಿಲ್ಲ ಅಂದಮೇಲೆ ನನ್ನ ಡಿಗ್ರಿಗೆ ಏನು ಬೆಲೆ ಅಪ್ಪಾ?" ಅಂದೆಯಲ್ಲ, ಅವತ್ತಿನಿಂದ ಅದೇ ತಲೆಯಲ್ಲಿದೆ.

ಕಾಗದದ ವಿಚಾರ ಮೊದಲೇ ಮುಗಿಸಿಬಿಡುತ್ತೇನೆ. ನಿನಗೆ ಸಿಗುವುದು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಪದವಿ, ಅಮೆರಿಕದ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿ ಓದಿದವರಿಗೆ ಸಿಗುವ ಪದವಿಯೇ. ಆ ವಿಶ್ವವಿದ್ಯಾಲಯ 1876ರಿಂದ ನಡೆಯುತ್ತಿದೆ. ಕತಾರ್‌ನ ದೋಹಾದಲ್ಲಿ ನೀನು ಓದುತ್ತಿರುವ ಅದರ ಶಾಖೆ ಮುಚ್ಚಿದರೂ ನಿನ್ನ ಸರ್ಟಿಫಿಕೇಟಿನ ಒಂದಕ್ಷರವೂ ಬದಲಾಗುವುದಿಲ್ಲ. ಈ ಬಗ್ಗೆ ಚಿಂತೆ ಬೇಡ.

ಆದರೆ ನಿನ್ನ ಬೇಸರ ಕಾಗದದ್ದಲ್ಲ ಅಂತ ನನಗೆ ಗೊತ್ತು. 2024ರ ಫೆಬ್ರವರಿ 8ರಂದು ಟೆಕ್ಸಸ್‌ನ ಆಡಳಿತ ಮಂಡಳಿ 7-1 ಮತದಿಂದ ದೋಹಾದ ಒಪ್ಪಂದ ಮುಗಿಸುವ ತೀರ್ಮಾನ ಮಾಡಿದಾಗ ನೀನಿನ್ನೂ ಮೊದಲ ವರ್ಷದಲ್ಲಿದ್ದೆ. ಮಧ್ಯಪ್ರಾಚ್ಯದಲ್ಲಿ ಅಸ್ಥಿರತೆ ಹೆಚ್ಚಿದೆ ಎಂಬ ಕಾರಣ ಕೊಟ್ಟರು. ಇಪ್ಪತ್ತು ವರ್ಷ ಚೆನ್ನಾಗಿ ನಡೆದ ಕಾಲೇಜನ್ನು ಅಷ್ಟು ದೂರದಲ್ಲಿ ಕೂತು ಮುಚ್ಚಲು ಹೊರಟದ್ದು ನನಗೆ ಇವತ್ತಿಗೂ ಸರಿ ಕಂಡಿಲ್ಲ. ಅದಕ್ಕೆ ಎರಡೇ ದಿನ ಮೊದಲು, ಫೆಬ್ರವರಿ 6ರಂದು, ಗೋವಾದಲ್ಲಿ ನಮ್ಮ ಪೆಟ್ರೋನೆಟ್ ಕಂಪನಿ ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ಎಲ್‌ಎನ್‌ಜಿ, ಅಂದರೆ ದ್ರವರೂಪದ ನೈಸರ್ಗಿಕ ಅನಿಲ, ತರಿಸಿಕೊಳ್ಳುವ ಒಪ್ಪಂದವನ್ನು ಇನ್ನೂ ಇಪ್ಪತ್ತು ವರ್ಷಕ್ಕೆ ಮುಂದುವರಿಸಿತ್ತು. 2028ರಿಂದ 2048ರವರೆಗೆ. ನಿನ್ನ ಕಾಲೇಜು ಮುಗಿಯುವ ವರ್ಷವೇ ಆ ಹೊಸ ಒಪ್ಪಂದ ಶುರುವಾಗುತ್ತದೆ. ಕಾಲೇಜು ಹೋದರೂ ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ಆ ಕೆಲಸ ಎಷ್ಟು ದೊಡ್ಡದು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಮುದ್ರದಡಿಯ ನಾರ್ತ್ ಫೀಲ್ಡ್ ಎಂಬ ಗ್ಯಾಸ್ ನಿಕ್ಷೇಪ 1971ರಲ್ಲಿ ಪತ್ತೆಯಾದಾಗ ಕತಾರ್‌ಗೆ ಬೇಕಿದ್ದದ್ದು ಎಣ್ಣೆ, ಸಿಕ್ಕಿದ್ದು ಗ್ಯಾಸ್. ಅದನ್ನು ಕೊಳ್ಳುವವರೂ ಇರಲಿಲ್ಲ, ಸಾಗಿಸುವ ದಾರಿಯೂ ಇರಲಿಲ್ಲ. ಮೈನಸ್ 162 ಡಿಗ್ರಿಗೆ ತಣಿಸಿದರೆ ಗ್ಯಾಸ್ ದ್ರವವಾಗಿ ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಹಡಗಿಗೆ ತುಂಬಬಹುದು. ಹಾಗೆ ತುಂಬಿದ ಮೊದಲ ಹಡಗು ಕತಾರ್‌ನ ರಾಸ್ ಲಫಾನ್ ಬಂದರಿನಿಂದ ಜಪಾನಿಗೆ ಹೊರಟದ್ದು 1996ರ ಕೊನೆಗೆ. 2010ರ ಹೊತ್ತಿಗೆ ವರ್ಷಕ್ಕೆ 7.7 ಕೋಟಿ ಟನ್ ಸಾಮರ್ಥ್ಯ ಬಂತು. ಈ ದಶಕ ಮುಗಿಯುವುದರೊಳಗೆ 14.2 ಕೋಟಿ ಟನ್ ಮಾಡುವ ಗುರಿ ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ನಡೆಸಿದವರು ಹೊರಗಿನಿಂದ ಬಂದ ನಮ್ಮಂಥವರೇ. ನಾನು ರಾಸ್ ಲಫಾನ್‌ನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಸೇರಿದಾಗ ಕಂಟ್ರೋಲ್ ರೂಮಿನಲ್ಲಿ ಮಲಯಾಳ, ಹಿಂದಿ, ಫಿಲಿಪಿನೋ ಭಾಷೆಗಳೇ ಕಿವಿಗೆ ಬೀಳುತ್ತಿದ್ದವು. ಬಾವಿ ನಮ್ಮದು, ನೀರು ಸೇದುವವರೆಲ್ಲ ಬೇರೆಯವರು ಅಂದರೆ ಯಾವ ದೇಶಕ್ಕೆ ತಾನೇ ನೆಮ್ಮದಿ? ಅದಕ್ಕೇ ಕತಾರ್ ಫೌಂಡೇಶನ್ 2003ರಲ್ಲಿ ಖರ್ಚೆಲ್ಲ ತಾನೇ ಹೊತ್ತು ಟೆಕ್ಸಸ್ ಎ ಅಂಡ್ ಎಂ ಅನ್ನು ದೋಹಾದಲ್ಲಿರುವ ತನ್ನ ಎಜುಕೇಶನ್ ಸಿಟಿ ಎಂಬ ವಿದ್ಯಾಕೇಂದ್ರಕ್ಕೆ ಕರೆಸಿತು. ಕೆಮಿಕಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಪೆಟ್ರೋಲಿಯಂ ಎಂಬ ನಾಲ್ಕೇ ವಿಭಾಗ. ದೇಶಕ್ಕೆ ಬೇಕಾದದ್ದನ್ನಷ್ಟೇ ಕೇಳಿ ಪಡೆದರು. ಆ ಕಾಲೇಜು ಮುಖ್ಯವಾಗಿ ಕಟ್ಟಿದ್ದು ಅವರ ಮಕ್ಕಳಿಗೆ. ಅಲ್ಲಿ ನಿನ್ನಂಥ ಕೆಲಸಗಾರನ ಮಗಳಿಗೂ ಜಾಗ ಸಿಕ್ಕಿತು, ಬಡ್ಡಿಯಿಲ್ಲದ ಸಾಲವೂ ಸಿಕ್ಕಿತು. ಆ ಋಣ ನನಗೆ ನೆನಪಿದೆ, ನಿನಗೂ ಇರಲಿ.

ನಿಮ್ಮ ಕಾಲೇಜು ಏನು ಮಾಡಿತು ಅನ್ನುವುದು ನನಗೆ ಗೊತ್ತಾದದ್ದು ಒಂದು ಆಗಸ್ಟ್ ಮಧ್ಯಾಹ್ನ. ಹೊರಗೆ 45 ಡಿಗ್ರಿ, ಸಮುದ್ರದ ತೇವ ಬೇರೆ, ಹೆಲ್ಮೆಟ್ ಒಳಗಿಂದ ಬೆವರು ಸುರಿಯುತ್ತಿತ್ತು. ಅಂಥ ಬಿಸಿಲಿನಲ್ಲಿ ಒಂದು ಎಲ್‌ಎನ್‌ಜಿ ಪೈಪಿನ ಇನ್ಸುಲೇಶನ್, ಅಂದರೆ ತಂಪು ಕಾಯುವ ಹೊದಿಕೆಯ, ಜೋಡಣೆಯ ಸುತ್ತ ಅಂಗೈಯಗಲ ಬಿಳಿ ಹಿಮ ಕೂತಿತ್ತು. ಹೊಸದಾಗಿ ಸೇರಿದ್ದ ಕತಾರಿ ಹುಡುಗಿಯೊಬ್ಬಳು, ನಿಮ್ಮ ಕಾಲೇಜಿನವಳೇ, ಕವರಾಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಆ ಹಿಮ ಎಷ್ಟು ದಿನದಿಂದ ಇದೆ, ಹೋದ ವಾರಕ್ಕಿಂತ ಅಗಲವಾಗಿದೆಯೇ ಎಂದು ನನ್ನನ್ನೂ ಹೆಲ್ಪರನ್ನೂ ಕೇಳಿದಳು. ಹೊರಹೊದಿಕೆ ಸೀಳಿ ಒಳಗೆ ತೇವ ಸೇರಿದೆ, ಹೀಗೇ ಬಿಟ್ಟರೆ ಇನ್ಸುಲೇಶನ್ ಪೂರ್ತಿ ಕೆಡುತ್ತದೆ ಎಂದು ಅಲ್ಲೇ ನಿಂತು ವಿವರಿಸಿ, ಫೋಟೋ ಹಿಡಿದು, ರಿಪೇರಿಗೆ ಬರೆದು ಹಾಕಿದಳು. ಎಸಿ ರೂಮಿನ ಸ್ಕ್ರೀನಿನಲ್ಲಿ ಆ ಹಿಮ ಕಾಣುವುದಿಲ್ಲ. ನನ್ನ ಮಗಳೂ ಹೀಗೆ ಓದಬೇಕು ಅಂತ ನಾನು ತೀರ್ಮಾನಿಸಿದ್ದು ಅವತ್ತೇ.

ಅಮೆರಿಕದವರು ಬಂದು ಕಲಿಸಿ ಹೊರಟದ್ದು ಇದೇ ಮೊದಲಲ್ಲ. ಕಾನ್ಪುರದ ಐಐಟಿಗೆ 1962ರಿಂದ 1972ರವರೆಗೆ ಒಂಬತ್ತು ಅಮೆರಿಕನ್ ವಿಶ್ವವಿದ್ಯಾಲಯಗಳು ನೆರವಾದವು. ಹತ್ತು ವರ್ಷ ಆದಮೇಲೆ ಅವರು ಹೊರಟರು, ಐಐಟಿ ನಿಂತಿತು. ವ್ಯತ್ಯಾಸ ಒಂದೇ, ಅಲ್ಲಿ ಬೋರ್ಡಿನ ಮೇಲಿದ್ದ ಹೆಸರು ನಮ್ಮದು, ಕೊನೆಗೆ ಪಾಠ ಮಾಡುತ್ತಿದ್ದವರೂ ನಮ್ಮವರು. ಕತಾರ್ ಹೆಸರನ್ನೂ ಹೊರಗಿನಿಂದಲೇ ತಂದಿತು. ಆ ಹೆಸರಿನಿಂದ ಡಿಗ್ರಿಗೆ ಮೊದಲ ದಿನದಿಂದಲೇ ಬೆಲೆ ಬಂತು. ಆದರೆ ಹೆಸರು ಕೊಟ್ಟವರು ಅದನ್ನು ವಾಪಸ್ ಕೇಳಬಹುದು ಅನ್ನುವುದೂ ಈಗ ಗೊತ್ತಾಯಿತು. ನಮ್ಮ ಐಐಟಿಗಳೇ ಈಗ ಹೊರಗೆ ಹೋಗಿವೆ, ಮದ್ರಾಸಿನದು 2023ರಲ್ಲಿ ಜಾಂಜಿಬಾರ್‌ಗೆ, ದೆಹಲಿಯದು 2024ರಲ್ಲಿ ಅಬುಧಾಬಿಗೆ. ಅಬುಧಾಬಿಯಲ್ಲಿ ಮೊದಲು ಶುರುಮಾಡಿದ್ದೂ ಇಂಧನಕ್ಕೆ ಸಂಬಂಧಿಸಿದ ಎಂ.ಟೆಕ್. ಅವರು ಅಲ್ಲಿನವರನ್ನೇ ಮೇಷ್ಟರುಗಳನ್ನಾಗಿ ತಯಾರು ಮಾಡಿದರೆ ನನಗೆ ತುಂಬ ಸಂತೋಷ.

ನಿನಗೆ ಉಳಿದಿರುವ ಸಮಯದಲ್ಲಿ ಒಂದು ಕೆಲಸ ಮಾಡು. ನಿಮ್ಮಲ್ಲಿ ಮೇರಿ ಕೇ ಓ'ಕಾನರ್ ಹೆಸರಿನ ಪ್ರೊಸೆಸ್ ಸೇಫ್ಟಿ (ಪ್ಲಾಂಟಿನಲ್ಲಿ ಸೋರಿಕೆ, ಸ್ಫೋಟ ಆಗದಂತೆ ನೋಡಿಕೊಳ್ಳುವ ವಿದ್ಯೆ) ಕೇಂದ್ರದ ಶಾಖೆ ಇದೆಯಲ್ಲ. ಆಕೆ ಕೆಮಿಕಲ್ ಎಂಜಿನಿಯರ್. 1989ರ ಅಕ್ಟೋಬರ್ 23ರಂದು ಟೆಕ್ಸಸ್‌ನ ಪಾಸಡೀನಾದಲ್ಲಿ ಫಿಲಿಪ್ಸ್ ಕಂಪನಿಯ ಪ್ಲಾಂಟ್ ಸ್ಫೋಟಗೊಂಡಾಗ ಡ್ಯೂಟಿಯಲ್ಲಿದ್ದಳು. ಅವತ್ತು ಸತ್ತ 23 ಮಂದಿಯಲ್ಲಿ ಅವಳೂ ಒಬ್ಬಳು. ಅವಳ ಗಂಡ ಕೊಟ್ಟ ದತ್ತಿಯಿಂದ ಆ ಕೇಂದ್ರ ಶುರುವಾಯಿತು. ಮನೆಯ ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಎಲ್‌ಎನ್‌ಜಿಗೆ ಆ ವಾಸನೆಯೂ ಇಲ್ಲ. ಆ ವಿಷಯ ಬಲ್ಲ ಮೇಷ್ಟರುಗಳು ಈಗಿನ್ನೂ ಅಲ್ಲೇ ಇದ್ದಾರೆ, ಅವರು ಬೇರೆ ಕಡೆ ಹೋಗುವ ಮೊದಲು ಅವರ ಹತ್ತಿರ ಕಲಿತುಕೋ. ಲ್ಯಾಬಿನಲ್ಲಿ ರಾತ್ರಿ ತಡವಾದರೆ ಆಗಲಿ. ಅಮ್ಮ ಫೋನ್ ಮಾಡುವಳು, ಬೈಯುವಳು, ನಾನು ಸಮಾಧಾನ ಮಾಡುತ್ತೇನೆ.

ಬೇಸಿಗೆಯ ಇಂಟರ್ನ್‌ಶಿಪ್‌ಗೆ ದೋಹಾದ ಆಫೀಸು ಕೊಟ್ಟರೆ, ರಾಸ್ ಲಫಾನ್ ಸೈಟ್ ಕೊಡಿ ಅಂತ ಕೇಳು. ಬೆಳಗಿನ ಜಾವ ಬಸ್ಸು ಹತ್ತಿ 80 ಕಿಲೋಮೀಟರ್ ಹೋಗಬೇಕು, ಬಿಸಿಲು ಸುಡುತ್ತದೆ, ಆದರೂ ಅಲ್ಲಿಗೇ ಹೋಗು. ಪ್ಲಾಂಟಿನಲ್ಲಿ ಕೆಲಸ ಶುರುಮಾಡಲು ಕೊಡುವ ಪರ್ಮಿಟ್‌ನಲ್ಲಿ ಬರೆದದ್ದನ್ನೆಲ್ಲ ಪೂರ್ತಿ ಓದದೆ ಯಾವತ್ತೂ ಸಹಿ ಹಾಕಬೇಡ, ಎಷ್ಟು ದೊಡ್ಡವರು ಅವಸರ ಮಾಡಿದರೂ. ಅರ್ಜಿ ಬರೆದಮೇಲೆ ನನಗೊಮ್ಮೆ ಕಳಿಸು. ಯಾವ ಯೂನಿಟ್ ಕೇಳಿದರೆ ಕಲಿಯಲು ಹೆಚ್ಚು ಸಿಗುತ್ತದೆ ಅಂತ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ