ಶಂಕರ್‌ನಾಗ್ ಟಿ.ವಿ.ಗೂ ಸೇರಿದವರು

ಮಾನ್ಯ ಸಂಪಾದಕರೇ,

ನವೆಂಬರ್ 9ರಂದು ಶಂಕರ್‌ನಾಗ್ ಹುಟ್ಟುಹಬ್ಬಕ್ಕೆ ನೀವು ತಂದ ಪುಟವನ್ನು ಪೂರ್ತಿ ಓದಿದೆ. ಆಟೊಗಳ ಮೇಲಿನ ಚಿತ್ರ, ಕರಾಟೆ ಕಿಂಗ್, ಸಾಂಗ್ಲಿಯಾನ, ಮೆಟ್ರೊ ರೈಲಿನ ಕನಸು, ಎಲ್ಲ ಇತ್ತು. ಓದಿ ಖುಷಿಯಾಯಿತು. ಆದರೆ ಆರ್.ಕೆ. ನಾರಾಯಣ್ ಕಥೆಗಳಿಂದ ಅವರು ನಿರ್ದೇಶಿಸಿದ ಹಿಂದಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಬಗ್ಗೆ ಇದ್ದದ್ದು ಒಂದೇ ಸಾಲು. ಕಿರುತೆರೆಯಲ್ಲೂ ಕೆಲಸ ಮಾಡಿದ್ದರು ಎಂದು ಬರೆದು ಮುಂದೆ ಹೋಗಿದ್ದೀರಿ. ಅದನ್ನು ಓದಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ನಾನು ಹನ್ನೆರಡು ವರ್ಷದಿಂದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ನಮ್ಮದು ದಿನಕ್ಕೊಂದು ಎಪಿಸೋಡ್ ಲೆಕ್ಕದ ಕೆಲಸ. ರಾತ್ರಿ ಬರೆದ ಸೀನ್ ಬೆಳಗ್ಗೆ ಸೆಟ್‌ನಲ್ಲಿ ಶೂಟ್ ಆಗುತ್ತಿರುತ್ತದೆ. ಈ ಕೆಲಸದಲ್ಲಿರುವ ನನ್ನಂಥವರಿಗೆ ಶಂಕರ್‌ನಾಗ್ ಅಂದರೆ ಹೊಡೆದಾಟದ ಹೀರೊ ಮಾತ್ರ ಅಲ್ಲ. ನಮ್ಮ ಕಸುಬಿನ ಹಿರಿಯರು.

1987ರಲ್ಲಿ ನನಗೆ ಎಂಟು ವರ್ಷ. ಶಿವಮೊಗ್ಗದ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ, ಅದೂ ಕಪ್ಪು ಬಿಳುಪಿನದು. ಹೊಸ್ತಿಲ ತನಕ ಜನ ಕೂರುತ್ತಿದ್ದರು. ಎಲ್. ವೈದ್ಯನಾಥನ್ ಅವರ ಸಂಗೀತದ ಆ ‘ತಾನ ನಾನ’ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ಬಂದವೆಂದರೆ ಯಾರೂ ಮಾತಾಡುವ ಹಾಗಿಲ್ಲ. ನಮ್ಮ ಚಿಕ್ಕಪ್ಪ ಆಟೊ ಓಡಿಸುತ್ತಿದ್ದರು. ಗಾಡಿ ಹಿಂದೆ ಶಂಕರಣ್ಣನ ಚಿತ್ರ ಬರೆಸಿದ್ದರು. ಹೆಸರು ಬಂದ ಕೂಡಲೇ ನೆಟ್ಟಗೆ ಕೂತು, ‘ಶಂಕರಣ್ಣ ಯಾವಾಗ ಬರ್ತಾರೋ?’ ಎಂದು ಕೇಳುತ್ತಲೇ ಇದ್ದರು. ಆ ದಿನ ಶಂಕರಣ್ಣ ಬರಲೇ ಇಲ್ಲ. ಫೈಟೂ ಇರಲಿಲ್ಲ. ಆದರೂ ಚಿಕ್ಕಪ್ಪ ಮುಗಿಯುವ ತನಕ ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಅಜ್ಜಿ. ಅವರಿಗೆ ಹಿಂದಿಯ ಒಂದಕ್ಷರ ಬಾರದು. ಕಥೆಯ ಹುಡುಗ ಸ್ವಾಮಿಯ ಮನೆಯ ಜಗಲಿ, ಮರದ ಕಂಬ, ಹೆಂಚಿನ ಮಾಡು ನೋಡಿ, ‘ಇದು ನಮ್ಮ ತೀರ್ಥಹಳ್ಳಿ ಕಡೆ ಮನೆ ಕಣೋ’ ಅಂದರು.

ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಶೂಟಿಂಗ್ ನಡೆದದ್ದು ಆಗುಂಬೆಯಲ್ಲಿ, ಅಲ್ಲಿನ ದೊಡ್ಡಮನೆಯಲ್ಲಿ. ಆರ್.ಕೆ. ನಾರಾಯಣ್ ಕಥೆಗಳನ್ನು ಓದಿದವರಿಗೆ ಗೊತ್ತು, ಅವರ ಮಾಲ್ಗುಡಿ ಮಲೆನಾಡಿನ ಮಳೆಯ ಊರಲ್ಲ. ಸರಯೂ ನದಿ, ಮಾರ್ಕೆಟ್ ರಸ್ತೆ ಇರುವ ಬಿಸಿಲಿನ ಪೇಟೆ ಅದು. ಅದನ್ನು ತಂದು ಆಗುಂಬೆಯಲ್ಲಿ ಇಟ್ಟದ್ದು ಬರೀ ಲೊಕೇಶನ್ ಹುಡುಕುವ ಕೆಲಸ ಅಂತ ನನಗೆ ಅನಿಸುವುದಿಲ್ಲ. ಕಥೆಯನ್ನು ಮತ್ತೆ ಬರೆಯುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಊರು ಯಾವುದು, ಬಾಗಿಲು ಎಲ್ಲಿಗೆ ತೆರೆಯುತ್ತದೆ, ಹುಡುಗ ಸ್ಕೂಲಿಗೆ ಯಾವ ದಾರಿಯಲ್ಲಿ ಹೋಗುತ್ತಾನೆ, ಇದೆಲ್ಲ ಗೊತ್ತಿಲ್ಲದೆ ಒಂದು ಸೀನ್ ಕೂಡ ನಿಲ್ಲುವುದಿಲ್ಲ.

ಶಂಕರ್‌ನಾಗ್‌ಗೆ ಬರವಣಿಗೆ ಆಮೇಲೆ ಹತ್ತಿದ ಹುಚ್ಚೂ ಅಲ್ಲ. ಹೊನ್ನಾವರ ಕಡೆಯಿಂದ ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಬೆಳೆದವರು. 1979ರ ಮರಾಠಿ ಸಿನಿಮಾ ‘22 ಜೂನ್ 1897’ರ ಬರವಣಿಗೆಯಲ್ಲಿ ಅವರ ಪಾಲಿದೆ. ಅದರ ಹಿಂದಿನ ವರ್ಷವೇ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಬಂದಿತ್ತು. ಕತ್ತಿ ಹಿಡಿದ ಆ ಬಾಡಿಗೆ ಸೈನಿಕನ ಪಾತ್ರಕ್ಕೆ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯೂ ಸಿಕ್ಕಿತು. ಆಮೇಲೆ ‘ಸೀತಾರಾಮು’, ‘ಆಟೊ ರಾಜ’ ಬಂದವು. ಜನ ಅವರನ್ನು ಎತ್ತಿಕೊಂಡು ಹೋದರು. ಹನ್ನೆರಡು ವರ್ಷದಲ್ಲಿ 80ಕ್ಕೂ ಜಾಸ್ತಿ ಸಿನಿಮಾ. ಇದರ ಮಧ್ಯೆಯೇ ‘ಮಿಂಚಿನ ಓಟ’, ‘ಆ್ಯಕ್ಸಿಡೆಂಟ್’ನಂಥ ಸಿನಿಮಾಗಳನ್ನು ನಿರ್ದೇಶಿಸಿದರು, ‘ಸಂಕೇತ್’ ತಂಡ ಕಟ್ಟಿ ನಾಟಕ ಮಾಡಿಸಿದರು.

ಇಷ್ಟು ಓಡುತ್ತಿದ್ದ ಮನುಷ್ಯ ದೂರದರ್ಶನಕ್ಕೆ 39 ಕಂತು ಮಾಡಿಕೊಟ್ಟರು. ಟಿ.ಎಸ್. ನರಸಿಂಹನ್ ನಿರ್ಮಾಪಕರು. ಮೊದಲ 13 ಕಂತು ಹಿಂದಿಯಲ್ಲೂ ಇಂಗ್ಲಿಷ್‌ನಲ್ಲೂ ಆದವು. ಒಂದೇ ಕಥೆ, ಎರಡು ಭಾಷೆಯ ಮಾತು. ಒಂದು ಭಾಷೆಯಲ್ಲಿ ಮಾತು ಸರಿಯಾಗಿ ಕೂರಿಸುವುದೇ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಒಂದು ಕಂತಿನ ಬಗ್ಗೆ ಹೇಳಲೇಬೇಕು. ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಕಥೆ ಅದು. ಗುಮಾಸ್ತ ವೆಂಕಟರಾವ್ ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಪುಟ್ಟ ಶಾಂತಾ ಸ್ಕೂಲಿಂದ ಓಡಿ ಬಂದು, ತಲೆ ಬಾಚಿಸಿಕೊಂಡು, ಚಂದದ ಬಟ್ಟೆ ಹಾಕಿಕೊಂಡು ಕಾಯುತ್ತಾಳೆ. ಅಪ್ಪ ಬರುವುದಿಲ್ಲ. ಆಫೀಸಿನಲ್ಲಿ ಅವನಿಗೂ ಸಂಕಟ. ಕೆಲಸವೇ ಬೇಡ ಅಂತ ರಾಜೀನಾಮೆ ಪತ್ರ ಬರೆಯುತ್ತಾನೆ. ಅಷ್ಟರಲ್ಲಿ ಸಾಹೇಬರು ಸಂಬಳ ಐದು ರೂಪಾಯಿ ಜಾಸ್ತಿ ಮಾಡಿದ್ದೇವೆ ಅನ್ನುತ್ತಾರೆ. ಬರೆದ ಪತ್ರ ಕೊಡದೆಯೇ ಉಳಿಯುತ್ತದೆ. ಅವನು ಮನೆಗೆ ಬರುವ ಹೊತ್ತಿಗೆ ಮಗು ಊಟ ಮಾಡದೆ, ಬಟ್ಟೆ ಬದಲಿಸದೆ ಹಾಗೇ ಮಲಗಿದೆ. ಕಥೆ ಇಷ್ಟೇ.

ಆ ಗುಮಾಸ್ತ ಯಾರು ಗೊತ್ತಾ? ವಿಷ್ಣುವರ್ಧನ್. ಸಾಹಸಸಿಂಹ ಅಂತ ಇಡೀ ಕರ್ನಾಟಕ ಕರೆಯುತ್ತಿದ್ದ ನಟನ ಕೈಗೆ ಮತ್ತೊಬ್ಬ ಹೊಡೆದಾಟದ ಹೀರೊ ಆಫೀಸಿನ ಫೈಲು ಕೊಟ್ಟು ಕೂರಿಸಿದ್ದು. ಅಲ್ಲಿ ಹೊಡೆಯಲು ವಿಲನ್ನೇ ಇಲ್ಲ. ಸಾಹೇಬರೂ ಕೆಟ್ಟವರಲ್ಲ, ಸಂಬಳ ಏರಿಸಿದವರು. ಆದರೂ ಮಗುವಿನ ಸಂಜೆ ಹೋಯಿತು. ನಾನು ಈ ಕಂತನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇದೇ ಸೀನ್ ಈಗ ನಾವು ಬರೆದರೆ ಸಾಹೇಬರನ್ನು ಕೆಟ್ಟವರನ್ನಾಗಿ ಮಾಡುತ್ತೇವೆ. ಮಗು ಅಳುತ್ತದೆ, ಅಪ್ಪ ಅಳುತ್ತಾನೆ, ಅತ್ತೆ ಬಂದು ಎರಡು ಮಾತು ಬೈಯುತ್ತಾರೆ. ಸೀನ್‌ಗೆ ಇನ್ನೂ ಜೋರು ಬೇಕು ಅಂತ ಹೇಳಿದಾಗಲೆಲ್ಲ ನನಗೆ ಮಲಗಿದ ಆ ಮಗು ನೆನಪಾಗುತ್ತದೆ.

ಫೈಟ್ ಸೀನ್ ಗೊತ್ತಿದ್ದವರಿಗೇ ಇಂಥ ಹಿಡಿತ ಬಂದೀತು ಅಂತ ನನ್ನ ನಂಬಿಕೆ. ಏಟು ಬೀಳುವ ಮುಂಚಿನ ಕ್ಷಣವನ್ನು ಎಷ್ಟು ಹೊತ್ತು ಹಿಡಿದಿಡಬೇಕು ಅನ್ನುವುದು ಅವರಿಗೆ ಮೈಯಲ್ಲೇ ಗೊತ್ತಿರುತ್ತದೆ. ‘ಎ ಹೀರೊ’ ಕಥೆಯಲ್ಲಿ ಸ್ವಾಮಿ ಅಪ್ಪನ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಿ ಹೆದರಿ ಒದ್ದಾಡುವುದನ್ನು ನೋಡಿ. ದೆವ್ವ ಅಂದುಕೊಂಡು ಕಳ್ಳನ ಕಾಲು ಕಚ್ಚುವುದು ಕೊನೆಗೆ. ಅದಕ್ಕೂ ಮುಂಚಿನ ಕಾಯುವಿಕೆಯೇ ಕಥೆ. ಮಾಸ್ಟರ್ ಮಂಜುನಾಥ್‌ರ ಆ ಕಣ್ಣು, ಅಪ್ಪನಾಗಿ ಗಿರೀಶ ಕಾರ್ನಾಡರ ಆ ಗತ್ತು, ಈಗಲೂ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ.

ಮಾಲ್ಗುಡಿ ಮುಗಿದ ಮೇಲೆ ಅವರು ಹೊಡೆದಾಟ ಬಿಟ್ಟರು ಅಂತಲೂ ಇಲ್ಲ. 1988ರಲ್ಲಿ ‘ಎಸ್.ಪಿ. ಸಾಂಗ್ಲಿಯಾನ’ ಬಂತು. ಒಂದು ಕೆಲಸ ದೊಡ್ಡದು, ಇನ್ನೊಂದು ಚಿಕ್ಕದು ಅಂತ ಅವರು ಅಂದುಕೊಂಡಿದ್ದರೆ ಎರಡನ್ನೂ ಇಷ್ಟು ಮನಸ್ಸಿಟ್ಟು ಮಾಡಲು ಆಗುತ್ತಿರಲಿಲ್ಲ, ಅಲ್ವಾ? 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾದಾಗ ಅವರಿಗಿನ್ನೂ 35 ವರ್ಷ. ಚಿಕ್ಕಪ್ಪ ಮೂರು ದಿನ ಗಾಡಿ ತೆಗೆಯಲಿಲ್ಲ.

2020ರ ಲಾಕ್‌ಡೌನ್ ಹೊತ್ತಿನಲ್ಲಿ ‘ಮಾಲ್ಗುಡಿ ಡೇಸ್’ ಕನ್ನಡಕ್ಕೆ ಡಬ್ ಆಗಿ ಟಿ.ವಿ.ಯಲ್ಲಿ ಬಂತು. ಮೂವತ್ತು ವರ್ಷ ದಾಟಿದ ಮೇಲೆ ಆಗುಂಬೆಯ ಜಗಲಿಯಲ್ಲಿ ಕನ್ನಡ ಕೇಳಿತು. ಅಜ್ಜಿ ಇರಬೇಕಿತ್ತು ಅನಿಸಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಆಗಿದೆ, ಅದೂ ಸಂತೋಷವೇ.

ನನ್ನ ಕೇಳಿಕೆ ಇಷ್ಟು. ಕಥೆಗಳು ಕಂತುಗಳಾದದ್ದು ಹೇಗೆ, ಏನು ಬಿಟ್ಟರು, ಏನು ಸೇರಿಸಿದರು, ಎರಡು ಭಾಷೆಯ ಮಾತು ಹೇಗೆ ಹೊಂದಿಸಿದರು ಅನ್ನುವುದು ದಾಖಲಾಗಬೇಕು. ಆ ಚಿತ್ರಕಥೆಯ ಹಾಳೆಗಳು, ಟಿಪ್ಪಣಿಗಳು ಯಾರ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ಕರ್ನಾಟಕ ಚಲನಚಿತ್ರ ಅಕಾಡೆಮಿ ಹುಡುಕಿ, ಕನ್ನಡದಲ್ಲಿ ಅಚ್ಚು ಹಾಕಿಸಲಿ. ಸೆಟ್‌ನಲ್ಲಿ ಕೆಲಸ ಮಾಡಿದವರು, ಆಗುಂಬೆಯಲ್ಲಿ ಅನ್ನ ಹಾಕಿದವರು, ಸಣ್ಣಪುಟ್ಟ ಪಾತ್ರ ಮಾಡಿದ ಊರಿನವರು ಈಗ ವಯಸ್ಸಾದವರು. ನಿಮ್ಮ ಶಿವಮೊಗ್ಗದ ವರದಿಗಾರರನ್ನು ಒಂದು ವಾರ ಅಲ್ಲಿಗೆ ಕಳುಹಿಸಿ. ಮುಂದಿನ ನವೆಂಬರ್ 9ಕ್ಕೆ ಆ ಪುಟ ಓದಲು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಓದುಗ
(ಧಾರಾವಾಹಿ ಸಂಭಾಷಣೆಕಾರ), ಬೆಂಗಳೂರು