ಡ್ರೋನ್ ಕಂಪನಿಗೆ ಹಣ ಹಾಕುವ ಮುನ್ನ: ದೊಡ್ಡಪ್ಪನ ಪತ್ರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಹೊಸ ಕಂಪನಿಗಳಿಗೆ ಹಣ ಹೂಡುವ ನಿಮ್ಮ ಫಂಡಿನವರು ಸೈನ್ಯಕ್ಕಾಗಿ ಸ್ವಯಂಚಾಲಿತ ಡ್ರೋನ್ ಮಾಡುವ ಕಂಪನಿಯೊಂದಕ್ಕೆ ಹಣ ಹಾಕಲು ಹೊರಟಿದ್ದಾರೆ, ವರದಿ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಡ್ರೋನ್ ವಿದ್ಯೆ ನನಗೆ ಬಾರದು. ಆದರೆ ರಕ್ಷಣಾ ಕಾರ್ಖಾನೆಯ ಖರೀದಿ ವಿಭಾಗದಲ್ಲೇ ಸರ್ವಿಸ್ ಮುಗಿಸಿದವನು ನಾನು. ಸರ್ಕಾರ ಹೇಗೆ ಕೊಳ್ಳುತ್ತದೆ, ಕೊಳ್ಳುತ್ತೇನೆ ಅಂತ ಹೇಳಿ ಹೇಗೆ ಕೊಳ್ಳದೆ ಉಳಿಯುತ್ತದೆ, ಎರಡನ್ನೂ ಕಂಡಿದ್ದೇನೆ.

ಈ ವ್ಯಾಪಾರದಲ್ಲಿ ಗಿರಾಕಿ ಒಬ್ಬನೇ, ಅವನಿಗೆ ಅವಸರವಿಲ್ಲ. ನಿಮ್ಮ ಫಂಡಿಗೆ ಎಂಟೋ ಹತ್ತೋ ವರ್ಷದ ಆಯುಸ್ಸು, ಅಷ್ಟರೊಳಗೆ ಹಾಕಿದ ಹಣ ವಾಪಸು ಬರಬೇಕು. ಸೈನ್ಯ ತನಗೆ ಬೇಕಾದ ಗುಣಲಕ್ಷಣ ಬರೆದು, ಟೆಂಡರ್ ಕರೆದು, ರಾಜಸ್ಥಾನದ ಬಿಸಿಲಲ್ಲೊಮ್ಮೆ ಲಡಾಖಿನ ಚಳಿಯಲ್ಲೊಮ್ಮೆ ಟ್ರಯಲ್ ಮಾಡಿ, ಬೆಲೆ ಚೌಕಾಸಿ ಮುಗಿಸುವ ಹೊತ್ತಿಗೆ ಆ ಆಯುಸ್ಸಿನ ಅರ್ಧ ಕಳೆದಿರುತ್ತದೆ. ಟ್ರಯಲ್ಲಿಗೆ ‘ನೋ ಕಾಸ್ಟ್, ನೋ ಕಮಿಟ್‌ಮೆಂಟ್’ ಅನ್ನುತ್ತಾರೆ. ಅಂದರೆ ಖರ್ಚು ಕಂಪನಿಯದು, ಭರವಸೆ ಯಾರದ್ದೂ ಅಲ್ಲ. ಒಳ್ಳೆ ತಂತ್ರಜ್ಞಾನ ಇಲ್ಲದೆ ಮುಚ್ಚಿದವರಿಗಿಂತ ಕಾದು ಕಾದು ಕೈ ಬರಿದಾಗಿ ಮುಚ್ಚಿದವರನ್ನೇ ನಾನು ಹೆಚ್ಚು ಕಂಡಿದ್ದು.

ಷೇರುಪೇಟೆಯಲ್ಲಿ ಪಟ್ಟಿಯಾದ ಡ್ರೋನ್ ಕಂಪನಿಯೊಂದರ ಲೆಕ್ಕ ನೋಡು, ಐಡಿಯಾಫೋರ್ಜ್‌ದು. 2007ರಲ್ಲಿ ಐಐಟಿ ಬಾಂಬೆಯ ಹುಡುಗರು ಶುರು ಮಾಡಿದ್ದು. ಸೈನ್ಯದಿಂದ ಸುಮಾರು 140 ಕೋಟಿಯ ದೊಡ್ಡ ಆರ್ಡರ್ ಬಂದದ್ದು 2021ರ ಜನವರಿಯಲ್ಲಿ. 2023ರಲ್ಲಿ 672 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ 1,300ಕ್ಕೆ ತೆರೆಯಿತು. 2023–24ರಲ್ಲಿ 314 ಕೋಟಿ ಇದ್ದ ಆದಾಯ ಮರುವರ್ಷ 161 ಕೋಟಿಗೆ ಇಳಿಯಿತು, ಲಾಭವಿದ್ದ ಕಡೆ ನಷ್ಟ ಬಂತು. ಡ್ರೋನ್ ಕೆಟ್ಟದ್ದಾಯಿತು ಅಂತಲ್ಲ, ಒಂದು ಆರ್ಡರ್ ಮುಗಿದು ಇನ್ನೊಂದು ಬರುವುದು ತಡವಾಯಿತು, ಅಷ್ಟೇ. ಷೇರಿನ ಬೆಲೆ ಇಶ್ಯೂ ಬೆಲೆಯ ಅರ್ಧದ ಆಸುಪಾಸಿಗೆ ಬಂದು, 2025ರ ಮೇನಲ್ಲಿ ಆಪರೇಷನ್ ಸಿಂಧೂರ ಆದದ್ದೇ ತಡ, ಮತ್ತೆ ಏರಿತು. ಯುದ್ಧದ ಸುದ್ದಿಗೆ ಏರುವ ಬೆಲೆಯನ್ನು ಆದಾಯ ಅಂದುಕೊಂಡು ವರದಿಯಲ್ಲಿ ಬರೆಯಬೇಡ ಮಗಳೇ.

ತುರ್ತು ಖರೀದಿ ಅಂತ ಒಂದಿದೆ, ಒಂದು ಗುತ್ತಿಗೆಗೆ 300 ಕೋಟಿಯ ಮಿತಿ. ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಅದರ ಆದಾಯವನ್ನೇ ಮುಂದಿನ ಐದು ವರ್ಷಕ್ಕೆ ಎಳೆದು ಕಂಪನಿಯವರು ಎಕ್ಸೆಲ್‌ನಲ್ಲಿ ಗೆರೆ ಹಾಕಿರುತ್ತಾರೆ, ಆ ಗೆರೆಯನ್ನು ಅಳಿಸಿ ಮತ್ತೆ ಲೆಕ್ಕ ಮಾಡು. ಹೊಸ ಕಂಪನಿಗಳಿಗೆ ರಕ್ಷಣಾ ಸಚಿವಾಲಯ ನಡೆಸುವ ಐಡೆಕ್ಸ್ ಸ್ಪರ್ಧೆ ಗೆದ್ದಿದ್ದೇವೆ ಅಂದರೆ ಸಂತೋಷ. ಅದರ ಮಾಮೂಲಿ ಸ್ಪರ್ಧೆಯಲ್ಲಿ ಸಿಗುವುದು ಒಂದೂವರೆ ಕೋಟಿಯವರೆಗಿನ ಅನುದಾನ, ಅದರದೇ ‘ಅದಿತಿ’ ಯೋಜನೆಯಲ್ಲಾದರೆ 25 ಕೋಟಿಯವರೆಗೆ. ಗೆದ್ದದ್ದು ಆರ್ಡರ್ ಅಲ್ಲ. ಅದೇ ಸೈನ್ಯ ಅದೇ ಸಾಮಾನನ್ನು ಎರಡನೇ ಸಲ ಕೊಂಡಿದೆಯೇ, ಅದನ್ನು ಕೇಳು.

ನಮ್ಮ ಚಳ್ಳಕೆರೆ ಪರೀಕ್ಷಾ ಕೇಂದ್ರದಲ್ಲಿ ಹಾರುತ್ತಿದ್ದ, ಸರ್ಕಾರಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಮಾಡಿದ ದೊಡ್ಡ ಡ್ರೋನ್ ತಪಸ್ ನೆನಪಿರಬೇಕು, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದಿತಲ್ಲ, ಅದೇ. ಬಿದ್ದದ್ದು ದೊಡ್ಡ ವಿಷಯವಲ್ಲ, ಪರೀಕ್ಷೆಯಲ್ಲಿ ಬೀಳುವುದು ಇದ್ದದ್ದೇ. ಸೇನೆ ಕೇಳಿದ್ದು 30,000 ಅಡಿ, 24 ಗಂಟೆ; ಅದು ಮುಟ್ಟಿದ್ದು 28,000 ಅಡಿ, 18 ಗಂಟೆಯ ಮೇಲೆ. ಅಷ್ಟು ಕೊರತೆಗೇ 2024ರಲ್ಲಿ ‘ಮಿಷನ್ ಮೋಡ್’ ಅನ್ನುವ ಆದ್ಯತೆಯ ಯೋಜನೆಗಳ ಪಟ್ಟಿಯಿಂದ ಹೊರಬಿತ್ತು. ಡಿಆರ್‌ಡಿಓ ಆ ಪೆಟ್ಟು ತಡೆದುಕೊಂಡಿತು. ಎರಡು ವರ್ಷದ ಸಂಬಳಕ್ಕೆ ಮಾತ್ರ ದುಡ್ಡಿರುವ ನಿಮ್ಮ ಕಂಪನಿ ತಡೆದೀತೇ?

ಇನ್ನು ಬಿಡಿಭಾಗ. 2022ರ ಫೆಬ್ರವರಿಯಲ್ಲಿ ಸರ್ಕಾರ ಡ್ರೋನ್ ಆಮದನ್ನು ನಿಷೇಧಿಸಿತು, ಬಿಡಿಭಾಗಗಳ ಆಮದನ್ನಲ್ಲ. ಆ ಸಂದಿಯಲ್ಲಿ ಚೀನಾದ ಮೋಟಾರು, ಹಾರಾಟ ನಿಯಂತ್ರಿಸುವ ಫ್ಲೈಟ್ ಕಂಟ್ರೋಲರ್ ಬಂದು ‘ಮೇಡ್ ಇನ್ ಇಂಡಿಯಾ’ ಚೀಟಿ ಅಂಟಿಸಿಕೊಂಡವು. 2025ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯ ಇದೇ ಕಾರಣಕ್ಕೆ 400 ಸರಕು ಡ್ರೋನ್‌ಗಳ ಗುತ್ತಿಗೆಗಳನ್ನು ರದ್ದು ಮಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮೆರಿಕದ ಡ್ರೋನ್ ಕಂಪನಿ ಸ್ಕೈಡಿಯೋಗೂ ಈ ಬಿಸಿ ತಟ್ಟಿದೆ: 2024ರ ಅಕ್ಟೋಬರಿನಲ್ಲಿ ಚೀನಾ ನಿರ್ಬಂಧ ಹೇರಿದಾಗ ಡ್ರೋನ್ ಒಂದಕ್ಕೆ ಬ್ಯಾಟರಿ ಒಂದೇ ಅಂತ ಪಡಿತರ ಹಾಕಬೇಕಾಯಿತು. ಹಾಗಾಗಿ ಕಂಪನಿಯ ಪವರ್‌ಪಾಯಿಂಟ್ ನೋಡುವ ಮೊದಲು ಸ್ಟೋರ್ಸ್‌ಗೆ ಹೋಗು. ಪೆಟ್ಟಿಗೆ ತೆರೆಸಿ ಬಿಲ್ಲು ನೋಡು. ಮೋಟಾರಿನ ಮ್ಯಾಗ್ನೆಟ್ಟು, ಬ್ಯಾಟರಿಯ ಸೆಲ್ಲು ಯಾರಿಂದ ಬರುತ್ತವೆ ಅಂತ ಸ್ಟೋರ್‌ಕೀಪರ್‌ನನ್ನೇ ಕೇಳು, ಸ್ಥಾಪಕರನ್ನಲ್ಲ.

ಸ್ವಯಂಚಾಲಿತ ಅನ್ನುವುದರ ಬಗ್ಗೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಉಕ್ರೇನಿನಲ್ಲಿ ಜಾಮರ್ ಹಾಕಿ ಸಿಗ್ನಲ್ ಕಡಿದರೆ ಡ್ರೋನ್ ಕುರುಡು, ಆದ್ದರಿಂದಲೇ ಕೆಲವರು ಫೈಬರ್ ತಂತಿ ಎಳೆದುಕೊಂಡು ಹಾರಿಸುತ್ತಿದ್ದಾರೆ, ಕೆಲವರು ಕೊನೆಯ ಹಂತವನ್ನು ಕ್ಯಾಮೆರಾ-ಕಂಪ್ಯೂಟರಿಗೇ ಬಿಡುತ್ತಿದ್ದಾರೆ. ಅಲ್ಲಿ ಸಾಫ್ಟ್‌ವೇರ್ ವಾರಗಳಲ್ಲಿ ಬದಲಾಗುತ್ತದೆ, ನಮ್ಮ ಟೆಂಡರಿನಲ್ಲಿ ಬರೆದ ಗುಣಲಕ್ಷಣ ವರ್ಷಗಟ್ಟಲೆ ಬದಲಾಗದು. ಜಿಪಿಎಸ್ ಕಡಿದು ತೋರಿಸಿ ಅಂತ ಕೇಳು. ಏರೋ ಇಂಡಿಯಾ ಮಳಿಗೆಯಲ್ಲಿ ಎಲ್ಲವೂ ಚೆಂದ.

ಗುರಿ ಆರಿಸಿ ಹೊಡೆಯುವ ಗಳಿಗೆಯಲ್ಲಿ ‘ಆಗಲಿ’ ಅನ್ನುವವರು ಯಾರು ಎಂಬುದನ್ನೂ ಕೇಳಲೇಬೇಕು. ಕಾನೂನು ಇದಕ್ಕೆ ಉತ್ತರ ಹೇಳುವುದಿಲ್ಲ. ಇಂಥ ಆಯುಧಗಳ ಬಗ್ಗೆ 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬಂದ ನಿರ್ಣಯಕ್ಕೆ ಭಾರತ ವಿರುದ್ಧ ಮತ ಹಾಕಿತು. ಅದಕ್ಕೆ ದೇಶಕ್ಕೆ ಅದರದೇ ಕಾರಣ ಇರಬಹುದು. ಆದರೆ ಮನುಷ್ಯನ ಒಪ್ಪಿಗೆ ಸಾಫ್ಟ್‌ವೇರಿನ ಯಾವ ಹಂತದಲ್ಲಿದೆ ಅಂತ ತೋರಿಸಲಾರದ ಸ್ಥಾಪಕರಿಗೆ ನಾನಾದರೆ ಹಣ ಕೊಡುವುದಿಲ್ಲ. ನಿಮ್ಮ ಫಂಡಿಗೆ ದುಡ್ಡು ಕೊಟ್ಟವರ ಕರಾರಿನಲ್ಲಿ ಆಯುಧ ಬೇಡ ಅಂತ ಷರತ್ತೇನಾದರೂ ಇದೆಯೇ ಅಂತಲೂ ಓದಿಕೋ, ಕಡೆಗೆ ಸಹಿ ಹಾಕುವಾಗ ಪೇಚಾಡುವುದು ಬೇಡ.

ಇಷ್ಟಾದರೂ ಹಾಕಬೇಡ ಅನ್ನುತ್ತಿಲ್ಲ. ಕೊಡುವ ಹಣದ ಅರ್ಧ ಈಗ ಕೊಟ್ಟು ಉಳಿದರ್ಧವನ್ನು ಕಾಯುವ ವರ್ಷಗಳಿಗೆಂದು ತೆಗೆದಿಡುವಂತೆ ನಿಮ್ಮ ಸಾಹೇಬರಿಗೆ ಹೇಳು. ಕೇಳದಿದ್ದರೆ ಈ ಡೀಲ್ ಬಿಟ್ಟುಬಿಡುವುದೇ ಮೇಲು.

ಆ ಕಂಪನಿಗೆ ಸರ್ಕಾರದಿಂದ ಬರಬೇಕಾದ ಬಾಕಿಯ ಪಟ್ಟಿ, ಯಾವ ಬಿಲ್ಲು ಎಷ್ಟು ದಿನದಿಂದ ನಿಂತಿದೆ ಅನ್ನುವುದು ಸಿಕ್ಕರೆ ನೋಡು. ಅದು ಗುಟ್ಟಿನ ಕಾಗದ, ಯಾರಿಗೂ ಕಳಿಸಬೇಡ, ನನಗೂ ಬೇಡ. ಮುಂದಿನ ಭಾನುವಾರ ಊಟಕ್ಕೆ ಬಂದಾಗ 90 ದಿನ ದಾಟಿದ್ದು ಎಷ್ಟು ಪಾಲು ಅಂತ ಬಾಯಲ್ಲಿ ಹೇಳು, ಸಾಕು. ದೊಡ್ಡಮ್ಮ ಒತ್ತು ಶ್ಯಾವಿಗೆ ಮಾಡುತ್ತಾಳಂತೆ.

ಇಂತಿ ನಿನ್ನ,
ದೊಡ್ಡಪ್ಪ